ಧಾರಾವಾಹಿಯ ನಗೆ ದೃಶ್ಯದಲ್ಲಿ ನೋವು: ಬಿಡಿಸಿ ನೋಡುವುದು, ತಿದ್ದಿ ಬರೆಯುವುದು

ಅತ್ತೆ ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲಿ ಕಂಬದ ಹಿಂದೆ ನಿಂತಿದ್ದಾಳೆ. ಸೊಸೆ ಬರಬೇಕಿದ್ದ ಹೊತ್ತಿಗೆ ಅಡುಗೆಯವನು ಬರುತ್ತಾನೆ, ಜಾರುತ್ತಾನೆ, ಸೊಂಟ ಹಿಡಿದುಕೊಂಡು ಅರಚುತ್ತಾನೆ. ‘ಬೊಂಯ್ಯ್’ ಅಂತ ಸ್ಪ್ರಿಂಗಿನ ಸದ್ದು. ಮನೆಯವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಕನ್ನಡ ಧಾರಾವಾಹಿ ನೋಡುವವರಿಗೆ ಈ ದೃಶ್ಯ ಬಾಯಿಪಾಠ. ಪಾಯಸಕ್ಕೆ ಜುಲಾಬು ಮಾತ್ರೆ, ಸೀರೆಗೆ ನಸುಗುನ್ನಿ ಪುಡಿ, ಸಾರಿಗೆ ಹಿಡಿ ಖಾರದ ಪುಡಿ, ಗಂಡನ ತಲೆಗೆ ಲಟ್ಟಣಿಗೆ, ಇವೆಲ್ಲ ಅದರ ಒಡಹುಟ್ಟುಗಳೇ.

ಇಂಥ ದೃಶ್ಯ ಬರೆಯುವವರು, ಸಂಕಲನ ಮಾಡುವವರು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವವರು, ಮೂವರಿಗೂ ಇದು ಬೇಕಾಗುವ ಕ್ರಮ. ಬರೀ ಪೆಟ್ಟು ಬಿದ್ದದ್ದಕ್ಕೆ ಯಾರೂ ನಗುವುದಿಲ್ಲ. ಪೆಟ್ಟು ಬಿದ್ದವನ ಮುಖ, ಬಿದ್ದಾಗಿನ ನಿಜವಾದ ಸದ್ದು, ಬಿದ್ದ ನಂತರದ ಹೊತ್ತು, ಈ ಮೂರನ್ನೂ ಕತ್ತರಿಸಿ ತೆಗೆದ ಮೇಲೆ ನಗು ಬರುತ್ತದೆ. ಕತ್ತರಿಸಿದ್ದನ್ನು ವಾಪಸ್ ಜೋಡಿಸಿ ನೋಡಿ; ಆಮೇಲೂ ನಗು ಉಳಿದರೆ ಅದು ಹಾಸ್ಯ.

ಮೊದಲು ದೃಶ್ಯವನ್ನು ಬಿಡಿಸಿ

ಒಂದು ನಿಮಿಷದಿಂದ ಒಂದೂವರೆ ನಿಮಿಷದ ಒಂದೇ ದೃಶ್ಯ ಆರಿಸಿ. ಪೂರ್ತಿ ಕಂತು ಬೇಡ. ಮೊಬೈಲ್ ಆ್ಯಪಿನಲ್ಲಿ ಹಿಂದೆ ಮುಂದೆ ಸರಿಸಿ ನೋಡುವಂತಿರಲಿ. ಒಂದು ಹಾಳೆ, ಒಂದು ಪೆನ್ನು, ಫೋನಿನ ಸ್ಟಾಪ್‌ವಾಚ್ ಸಾಕು.

ಮೊದಲ ಸಲ ಸದ್ದು ಪೂರ್ತಿ ಬಂದ್ ಮಾಡಿ ನೋಡಿ. ಪೆಟ್ಟು ಬಿದ್ದ ಕ್ಷಣ ಗುರುತಿಸಿ, ಅದರ ಮುಂದಿನ ಐದು ಶಾಟ್‌ಗಳಲ್ಲಿ ಯಾರ ಮುಖ ಇದೆ ಎಂದು ಬರೆದುಕೊಳ್ಳಿ. ಹೆಚ್ಚಿನ ಸಲ ಬಿದ್ದವನ ಮುಖ ಒಂದು ಶಾಟ್‌ನಲ್ಲಿರುತ್ತದೆ, ಉಳಿದ ನಾಲ್ಕು ನಗುವವರವು. ಸದ್ದಿಲ್ಲದೆ ನೋಡಿದಾಗ ಅದೇ ದೃಶ್ಯ ಅಪಘಾತದಂತೆ ಕಾಣಿಸಿದರೆ ಆಶ್ಚರ್ಯ ಬೇಡ, ನಡೆದದ್ದು ಅಪಘಾತವೇ.

ಎರಡನೇ ಸಲ ಪರದೆಗೆ ಬೆನ್ನು ಹಾಕಿ ಬರೀ ಕೇಳಿ. ಈಗ ನಿಮಗೆ ನಗಲು ಅಪ್ಪಣೆ ಎಲ್ಲಿ ಸಿಗುತ್ತಿದೆ ಎಂಬುದು ತಿಳಿಯುತ್ತದೆ: ಸ್ಪ್ರಿಂಗು, ಸೀಟಿ, ಮೋರ್ಸಿಂಗು, ತಟ್ಟೆ ಉರುಳುವ ಸದ್ದು. ಬೀಳುವ, ಹೊಡೆಯುವ ನಗೆಯಾಟಕ್ಕೆ ‘ಸ್ಲ್ಯಾಪ್‌ಸ್ಟಿಕ್’ ಎಂಬ ಹೆಸರು ಬಂದದ್ದೇ ಇಂಥ ಒಂದು ಸದ್ದಿನ ಸಾಧನದಿಂದ. ಇಟಲಿಯ ಮುಖವಾಡದ ನಾಟಕಗಳಲ್ಲಿ ಎರಡು ಮರದ ಪಟ್ಟಿಗಳನ್ನು ಜೋಡಿಸಿದ ಕೋಲು ಇತ್ತು. ಮೆಲ್ಲಗೆ ತಾಗಿಸಿದರೂ ‘ಛಟ್’ ಎಂದು ದೊಡ್ಡ ಸದ್ದು. ಸದ್ದು ದೊಡ್ಡದು, ನೋವು ಸಣ್ಣದು ಎಂಬ ಗುಟ್ಟು ಆಡುವವನಿಗೂ ನೋಡುವವನಿಗೂ ಗೊತ್ತಿತ್ತು. ನಮ್ಮ ಧಾರಾವಾಹಿಯಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಸೊಂಟ ಮುರಿಯುವಂಥ ಬೀಳುವಿಕೆಗೆ ಆಟಿಕೆಯ ಸದ್ದು ಹಾಕುತ್ತೇವೆ. 1950ರ ದಶಕದಲ್ಲಿ ಅಮೆರಿಕದ ಧ್ವನಿ ತಂತ್ರಜ್ಞ ಚಾರ್ಲಿ ಡಗ್ಲಸ್ ಧ್ವನಿಮುದ್ರಿತ ನಗುವನ್ನು ಕೀಲಿ ಒತ್ತಿ ಸೇರಿಸುವ ಪೆಟ್ಟಿಗೆ ಮಾಡಿದ. ನಮ್ಮಲ್ಲಿ ಆ ಕೆಲಸವನ್ನು ನಡುಮನೆಯಲ್ಲಿ ಸಾಲಾಗಿ ನಿಂತ ಕುಟುಂಬದವರ ರಿಯಾಕ್ಷನ್ ಶಾಟ್‌ಗಳೇ ಮಾಡುತ್ತವೆ. ಅವರು ನಕ್ಕರೆ ನಾವೂ ನಗಬಹುದು ಎಂದರ್ಥ.

ಮೂರನೇ ಸಲ ಸ್ಟಾಪ್‌ವಾಚ್ ಹಿಡಿದು ಮೂರು ಸಂಗತಿ ಬರೆಯಿರಿ: ಪೆಟ್ಟಿನಿಂದ ಮೊದಲ ನಗುವಿನವರೆಗೆ ಎಷ್ಟು ಸೆಕೆಂಡು, ಬಿದ್ದವನ ಮುಖ ಒಟ್ಟು ಎಷ್ಟು ಸೆಕೆಂಡು ಕಂಡಿತು, ಆ ವ್ಯಕ್ತಿ ಮತ್ತೆ ಕಾಣಿಸಿದಾಗ ಮೈಮೇಲೆ ಪೆಟ್ಟಿನ ಗುರುತು ಇತ್ತೇ. ಮೂರನೆಯದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಇಲ್ಲ’. ಮುಂದಿನ ದೃಶ್ಯದಲ್ಲಿ ಅವನು ಕಾಫಿ ತಟ್ಟೆ ಹಿಡಿದು ನಿಂತಿರುತ್ತಾನೆ.

ದೇಹದ ಲೆಕ್ಕ

ಹಾಳೆಯ ಇನ್ನೊಂದು ಬದಿಯಲ್ಲಿ, ಅದೇ ಪೆಟ್ಟು ನಿಜವಾದ ಮೈಗೆ ಬಿದ್ದರೆ ಏನಾಗುತ್ತದೆ ಎಂದು ಬರೆಯಿರಿ. ಬರಹಗಾರರು ಬಿಟ್ಟುಬಿಡುವ ಕೆಲಸ ಇದು, ಹಾಗಾಗಿಯೇ ಇಲ್ಲಿ ಸ್ವಲ್ಪ ನಿಲ್ಲಬೇಕು.

ಅಂಗೈಯಿಂದ ಕಿವಿಯ ಮೇಲೆ ಬಿದ್ದ ಕಪಾಳಮೋಕ್ಷ ಕಿವಿಯ ತಮಟೆ ಹರಿಯಬಲ್ಲದು. ವಯಸ್ಸಾದವರು ಜಾರಿ ಬಿದ್ದರೆ ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿಯುವುದು ಸಾಮಾನ್ಯ. ಅದಕ್ಕೆ ಶಸ್ತ್ರಚಿಕಿತ್ಸೆ, ಆಮೇಲೆ ತಿಂಗಳುಗಟ್ಟಲೆ ಆರೈಕೆ. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, ಮಕ್ಕಳಿಗೆ ಅಷ್ಟು ಹೊತ್ತೂ ಬೇಡ. ಆಗಷ್ಟೇ ಸೋಸಿದ ಚಹಾ ಅದಕ್ಕಿಂತ ಬಿಸಿ. ನಸುಗುನ್ನಿ ಕಾಯಿಯ ನವಿರು ಚರ್ಮಕ್ಕೆ ಚುಚ್ಚಿಕೊಂಡು ಉರಿ ತುರಿಕೆ ಎಬ್ಬಿಸುತ್ತದೆ; ಕಣ್ಣಿಗೆ ಹೋದರೆ ಆಟ ಮುಗಿಯಿತು, ಆಸ್ಪತ್ರೆಗೆ ಓಡಬೇಕು. ಗೊತ್ತಿಲ್ಲದೆ ನುಂಗಿಸಿದ ಜುಲಾಬು ಮಾತ್ರೆ ವೃದ್ಧರಲ್ಲೂ ಸಣ್ಣ ಮಕ್ಕಳಲ್ಲೂ ಮೈಯ ನೀರನ್ನು ಬೇಗ ಬತ್ತಿಸುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ತಲೆಯ ಪೆಟ್ಟು. ಒಂದು ಏಟಿಗೆ ನೆನಪು ಹೋಗಿ, ಇನ್ನೊಂದು ಏಟಿಗೆ ವಾಪಸ್ ಬರುವ ಕಥೆ ನಗೆಗೂ ಬಳಕೆಯಾಗುತ್ತದೆ, ಗೋಳಿಗೂ ಬಳಕೆಯಾಗುತ್ತದೆ. ವೈದ್ಯರು ಹೇಳುವುದು ಇದಕ್ಕೆ ಪೂರಾ ವಿರುದ್ಧ: ಮೊದಲ ಪೆಟ್ಟು ಮಾಯುವ ಮುನ್ನ ತಲೆಗೆ ಬೀಳುವ ಎರಡನೇ ಪೆಟ್ಟು ಮೊದಲಿನದಕ್ಕಿಂತ ಅಪಾಯಕಾರಿ. ಈ ಎಳೆಯನ್ನು ಸಂಪೂರ್ಣ ಕೈಬಿಡಿ ಎನ್ನುವುದು ನಮ್ಮ ಸಲಹೆ. ತಿದ್ದುವುದಕ್ಕೆ ಅದರಲ್ಲಿ ಏನೂ ಇಲ್ಲ.

ಒಂದು ಹಳೆಯ ಅಳತೆಗೋಲು ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ನಗು ಹುಟ್ಟಿಸುವ ತಪ್ಪು, ವಿಕಾರ ಯಾವುದೇ ಇರಲಿ, ಅದರಲ್ಲಿ ನೋವು ನಾಶ ಇರಬಾರದು ಎಂದು ಅರಿಸ್ಟಾಟಲ್ ಹೇಳಿದ್ದ. ಹಾಸ್ಯದ ಮುಖವಾಡ ಸೊಟ್ಟಗಿರುತ್ತದೆ, ಆದರೆ ಅದರಲ್ಲಿ ಯಾತನೆ ಇರುವುದಿಲ್ಲ ಎಂಬುದು ಅವನು ಕೊಟ್ಟ ಉದಾಹರಣೆ. ಬಿದ್ದವನ ಕ್ಲೋಸಪ್ ನಿಲ್ಲಿಸಿ ನೋಡಿ. ಮುಖದಲ್ಲಿ ಪೇಚು, ಸಿಟ್ಟು, ಗಲಿಬಿಲಿ ಇದ್ದರೆ ಮುಂದುವರಿಯಿರಿ. ಯಾತನೆ ಇದ್ದರೆ ಆ ಶಾಟ್ ನಗೆ ದೃಶ್ಯದಲ್ಲಿರಬಾರದು.

ಅದಲು ಬದಲು ಮಾಡಿ ನೋಡುವುದು

ಬಿಡಿಸಿ ನೋಡುವ ಕೆಲಸದಲ್ಲಿ ಹೆಚ್ಚು ತಿಳಿಸಿಕೊಡುವ ಹಂತ ಇದು. ಬಿದ್ದವರ ಜಾಗದಲ್ಲಿ ನಾಯಕಿಯನ್ನು ಇಟ್ಟು ದೃಶ್ಯವನ್ನು ಮತ್ತೆ ಬರೆಯಿರಿ. ಅದೇ ಎಣ್ಣೆ, ಅದೇ ಮೆಟ್ಟಿಲು. ಆಗ ಸ್ಪ್ರಿಂಗಿನ ಸದ್ದು ಹೋಗಿ ಪಿಟೀಲು ಬರುತ್ತದೆ, ಕ್ಯಾಮೆರಾ ಮೂರು ಸಲ ಮುಖಕ್ಕೆ ನುಗ್ಗುತ್ತದೆ, ಕುಂಕುಮದ ಬಟ್ಟಲು ಉರುಳುತ್ತದೆ, ಕಂತು ಅಲ್ಲಿಗೇ ನಿಲ್ಲುತ್ತದೆ. ಮಾರನೆಯ ದಿನದಿಂದ ಐಸಿಯು ಬಾಗಿಲು, ವೈದ್ಯರ ‘24 ಗಂಟೆ ಏನೂ ಹೇಳೋಕಾಗಲ್ಲ’, ದೇವರ ಮನೆಯಲ್ಲಿ ಅಳು, ಒಂದು ವಾರದ ಕಥೆ. ಅಡುಗೆಯವನಿಗೆ ನಾಲ್ಕು ಸೆಕೆಂಡು, ನಾಯಕಿಗೆ ಐದಾರು ಕಂತು. ಪೆಟ್ಟಿನ ತೂಕವನ್ನು ಧಾರಾವಾಹಿ ಮೈ ನೋಡಿ ನಿಗದಿ ಮಾಡುತ್ತದೆ ಎಂಬುದು ನಿಮ್ಮ ಕೈಬರಹದಲ್ಲೇ ಕಾಣುತ್ತದೆ.

ಹತ್ತು ಕಂತುಗಳ ನಗೆ ದೃಶ್ಯಗಳನ್ನು ಹೀಗೆ ಪಟ್ಟಿ ಮಾಡಿ, ಏಟು ತಿಂದವರು ಯಾರು ಎಂಬ ಒಂದೇ ಅಂಕಣ ಓದಿ. ಮನೆಗೆಲಸದವರು, ದಪ್ಪ ಮೈಯವರು, ಕುಳ್ಳಗಿನವರು, ತೊದಲುವವರು, ಕಿವಿ ಕೇಳದ ಅಜ್ಜ, ಹೆಣ್ಣಿನ ಹಾವಭಾವದ ಗಂಡಸು ಇವರೇ ತಿರುತಿರುಗಿ ಬರುತ್ತಿದ್ದರೆ ಬರವಣಿಗೆ ಸೋಮಾರಿಯಾಗಿದೆ. ಇವರಲ್ಲಿ ಯಾರಿಗೂ ತಿರುಗಿ ಹೊಡೆಯುವ, ಕೊನೆಗೆ ‘ಯಾಕಮ್ಮಾ ಹೀಗ್ ಮಾಡಿದ್ರಿ?’ ಅಂತ ಕೇಳುವ ಹಕ್ಕು ಕೂಡ ಕಥೆಯಲ್ಲಿರುವುದಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಕ್ಯಾಮೆರಾ ಬೆಕ್ಕಿನ ಪಕ್ಕದಲ್ಲಿ ನಿಂತಿದೆ. ಯಕ್ಷಗಾನದ ಹಾಸ್ಯಗಾರ ದೂತನಾಗಿ ಬಂದರೂ ರಾಜನ ಮಾತನ್ನೇ ಹಿಡಿದು ಜಗ್ಗುತ್ತಾನೆ, ಜನ ನಗುವುದು ರಾಜನ ಪೇಚಿಗೆ. ಆ ರೂಢಿ ನಮ್ಮ ಕೈಯಳತೆಯಲ್ಲೇ ಇದೆ.

ಲಟ್ಟಣಿಗೆ ಹಿಡಿದ ಹೆಂಡತಿಯ ದೃಶ್ಯವನ್ನೂ ಅದಲು ಬದಲು ಮಾಡಿ. ಗಂಡ ಹೊಡೆದರೆ ನಗು ಬರದು ಎಂದಾದರೆ ಹೆಂಡತಿ ಹೊಡೆದಾಗಲೂ ನಾವು ನಗುತ್ತಿರುವುದು ಏಟಿನ ಸದ್ದಿಗೆ ಮಾತ್ರ. ಶಾಲೆಯ ಬೆತ್ತಕ್ಕೂ ಇದೇ ಮಾತು: ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಧಾರಾವಾಹಿಯ ಮೇಷ್ಟ್ರು ಇನ್ನೂ ಬೆತ್ತ ಝಳಪಿಸಿ ನಗಿಸುತ್ತಿದ್ದಾರೆ.

ತಿದ್ದಿ ಬರೆಯುವ ಕ್ರಮ

ಎಣ್ಣೆಯ ದೃಶ್ಯವನ್ನೇ ತೆಗೆದುಕೊಳ್ಳಿ. ಎಣ್ಣೆ ಇರಲಿ, ಮೆಟ್ಟಿಲು ಬೇಡ. ನಡುಮನೆಯ ನೆಲಕ್ಕೆ ಇಳಿಸಿ. ನಗುವನ್ನು ಬೀಳುವ ಕ್ಷಣದಿಂದ ಹಿಂದಕ್ಕೆ, ಕಾಯುವ ಹೊತ್ತಿಗೆ ಸರಿಸಿ. ಅತ್ತೆ ಎಣ್ಣೆ ಚೆಲ್ಲಿ ಅಡಗಿದಳು. ಸೊಸೆಯ ಬದಲು ಅತ್ತೆಯ ಮುದ್ದಿನ ಮಗ ಫೋನ್ ನೋಡುತ್ತಾ ಬಂದ; ಓಡಿ ಬಂದು ಕೈ ಹಿಡಿದು ದಾಟಿಸಬೇಕಾಯಿತು. ‘ಏನಮ್ಮಾ ಇವತ್ತು ಇಷ್ಟು ಪ್ರೀತಿ?’ ಮತ್ತೆ ಅಡಗಿದಳು. ಈಗ ಸ್ವಂತ ತಾಯಿ ಕೋಲೂರಿಕೊಂಡು ಬಂದಳು, ಮತ್ತೆ ಓಟ. ಮೂರನೆಯದಾಗಿ ಪುರೋಹಿತರು. ನಾಲ್ಕನೆಯದಾಗಿ ಬಂದ ಸೊಸೆ ನೆಲ ನೋಡಿ ನಿಂತು, ‘ಅತ್ತೆ, ಇಲ್ಲಿ ಏನೋ ಚೆಲ್ಲಿದೆ, ಹುಷಾರು’ ಎಂದು ಇವಳನ್ನೇ ಎಚ್ಚರಿಸುತ್ತಾಳೆ. ಅತ್ತೆ ರೇಷ್ಮೆ ಸೀರೆಯ ಸೆರಗಿನಿಂದಲೇ ನೆಲ ಒರೆಸುತ್ತಾಳೆ. ಯಾರೂ ಬೀಳಲಿಲ್ಲ. ತಾನು ತೋಡಿದ ಹಳ್ಳದ ಸುತ್ತ ತಾನೇ ಕಾವಲು ಕೂತ ಹೆಂಗಸಿನ ಪಾಡು ನಗಿಸುತ್ತದೆ. ಎರಡು ನಿಮಿಷದ ಒಳಗೆ, ಅದೇ ಸೆಟ್‌ನಲ್ಲಿ, ಇರುವ ಪಾತ್ರಗಳಲ್ಲೇ ಮುಗಿಯುತ್ತದೆ. ದಾಟುವವರು ಮೂವರಿಗಿಂತ ಹೆಚ್ಚಾದರೆ ಲಯ ಸಡಿಲವಾಗುತ್ತದೆ, ಇಬ್ಬರಾದರೆ ಕಟ್ಟಿಕೊಳ್ಳುವುದಿಲ್ಲ.

ಬೀಳುವುದು ಬೇಕೇ ಬೇಕು ಎಂದು ವಾಹಿನಿಯವರು ಹಟ ಹಿಡಿದರೆ ಕೆಲವು ಷರತ್ತು ಹಾಕಿಕೊಳ್ಳಿ. ಬೀಳುವವಳು ಸಂಚು ಮಾಡಿದವಳೇ ಆಗಿರಲಿ. ಬಿದ್ದ ಜಾಗದಲ್ಲಿ ಹಾಸಿಗೆಯೋ ಬಟ್ಟೆಯ ರಾಶಿಯೋ ಇರುವುದು ಬೀಳುವ ಮುನ್ನವೇ ವೀಕ್ಷಕರಿಗೆ ಕಾಣಲಿ. ಎರಡು ಸೆಕೆಂಡಿನೊಳಗೆ ತಾನೇ ಎದ್ದು ಕೂರಲಿ. ಮುಂದಿನ ದೃಶ್ಯದಲ್ಲಿ ಕನಿಷ್ಠ ಸೊಂಟಕ್ಕೆ ಬಿಸಿನೀರಿನ ಚೀಲವಾದರೂ ಇರಲಿ. ನಡೆದದ್ದಕ್ಕೆ ಒಂದು ಫಲ ಇದೆ ಎಂಬುದು ಅಷ್ಟರಿಂದಲೇ ಗೊತ್ತಾಗುತ್ತದೆ.

ಸಂಕಲನದಲ್ಲಿ ಸ್ಪ್ರಿಂಗಿನ ಸದ್ದು ತೆಗೆದು ಬರೀ ‘ಧಡ್’ ಇಡಿ. ಅದರ ನಂತರ 12ರಿಂದ 15 ಫ್ರೇಮ್ ಮೌನ ಬಿಡಿ. ಸೆಕೆಂಡಿಗೆ 25 ಫ್ರೇಮ್ ಓಡುವ ನಮ್ಮ ಟಿವಿಯಲ್ಲಿ ಅದು ಸುಮಾರು ಅರ್ಧ ಸೆಕೆಂಡು. ಆಮೇಲೆ ಬಿದ್ದವಳ ಮುಖ, ನಗುವವರದು ಅದರ ನಂತರ. ಈ ಜೋಡಣೆಯಲ್ಲಿ ನಗು ಬರದಿದ್ದರೆ ತಪ್ಪು ಬರವಣಿಗೆಯದು, ಸದ್ದಿನಿಂದ ಮುಚ್ಚಬೇಡಿ.

ಎಲ್ಲಿ ಕೈತಪ್ಪುತ್ತದೆ

ಬೆಳಿಗ್ಗೆ ಸೀನ್ ಕೈಸೇರಿ ಮಧ್ಯಾಹ್ನ ಚಿತ್ರೀಕರಣ ಆಗುವ ಕಡೆ ಬರಹಗಾರನ ಕೈ ತಾನಾಗಿ ಹಳೆಯ ಏಟಿನ ಕಡೆ ಹೋಗುತ್ತದೆ. ಹಾಗಾಗಿ ಮೈಮುಟ್ಟದ ಐದಾರು ಪೇಚಿನ ಸಂದರ್ಭಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ: ತಪ್ಪು ಗ್ರೂಪಿಗೆ ಹೋದ ವಾಯ್ಸ್ ಮೆಸೇಜು, ಒಂದೇ ಥರದ ಎರಡು ಟಿಫಿನ್ ಡಬ್ಬಿ, ಹಾಡಿನ ಅರ್ಧಕ್ಕೆ ನಿಂತ ಕರೆಂಟು. ಎರಡನೆಯದಾಗಿ, ಸೆಟ್‌ನಲ್ಲಿ ನಿರ್ದೇಶಕರು ಉತ್ಸಾಹದಿಂದ ಒಂದು ಜಾರುವಿಕೆ ಸೇರಿಸಿಬಿಡುತ್ತಾರೆ; ಸೀನ್ ಪೇಪರಿನಲ್ಲಿ ‘ಯಾರೂ ಬೀಳುವುದಿಲ್ಲ, ನಗು ಅತ್ತೆಯ ಓಟದಲ್ಲಿದೆ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಮೂರನೆಯದು ಪ್ರೋಮೊ. ಕಂತಿನಲ್ಲಿ ಸರಿಯಾಗಿ ಬಂದ ದೃಶ್ಯದಿಂದಲೂ ಬೀಳುವ ಎರಡು ಸೆಕೆಂಡು ಮಾತ್ರ ಕಿತ್ತು ದಿನಕ್ಕೆ ಹತ್ತಾರು ಸಲ ತೋರಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಪ್ರೋಮೊ ಕತ್ತರಿಸುವವರ ಜೊತೆ ಮೊದಲೇ ಮಾತಾಡಿ.

ಕಲಾವಿದರ ಮೈಯೂ ಮೈಯೇ. ನೆಲಕ್ಕೆ ನಿಜವಾದ ಎಣ್ಣೆ ಹಾಕಿ ನಡೆಸಬೇಡಿ. ಎಣ್ಣೆ ಚೆಲ್ಲುವ ಕ್ಲೋಸಪ್ ಬೇರೆ ತೆಗೆದು, ನೆಲ ಒರೆಸಿ ಒಣಗಿದ ಮೇಲೆ ಜಾರುವ ನಟನೆ, ಫ್ರೇಮಿನ ಹೊರಗೆ ಮ್ಯಾಟ್. ಬಾಲನಟರು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ ಎಂದು ಬಾಲಕಾರ್ಮಿಕ ನಿಯಮಗಳು ಹೇಳುತ್ತವೆ. ಏಟಿನ ದೃಶ್ಯವನ್ನು ಮಗುವಿನ ದಿನದ ಕೊನೆಗೆ ಎಂದೂ ಇಡಬೇಡಿ, ದಣಿದ ಮಗು ತಪ್ಪು ಹೆಜ್ಜೆ ಇಡುತ್ತದೆ.

ಅಂಗವೈಕಲ್ಯ ಇರುವ ಪಾತ್ರ ಬರೆಯುವವರು ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ಕೊಟ್ಟ ತೀರ್ಪನ್ನು ತಿಳಿದಿರಬೇಕು. ವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯ ಬೇರೆ, ವ್ಯಕ್ತಿಯನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು ನ್ಯಾಯಾಲಯ ಗೆರೆ ಎಳೆದಿದೆ. ತೊದಲುವ ಪಾತ್ರ ತಾನೇ ಜೋಕು ಮಾಡಿ ಗೆದ್ದರೆ ಗೆರೆಯ ಈಚೆ. ತೊದಲಿದ್ದಕ್ಕೆ ತಲೆಗೆ ಮೊಟಕಿಸಿಕೊಂಡರೆ ಆಚೆ.

ನೋಡುವವರು ಮಾಡಬಹುದಾದದ್ದು

ದೂರು ಕೊಡುವುದಾದರೆ ‘ಹಿಂಸೆ ಜಾಸ್ತಿ’ ಎಂದು ಬರೆದರೆ ಯಾರೂ ಓದುವುದಿಲ್ಲ. ವಾಹಿನಿ, ಧಾರಾವಾಹಿ, ದಿನಾಂಕ, ಪ್ರಸಾರದ ಸಮಯ, ಕಂತಿನ ಎಷ್ಟನೇ ನಿಮಿಷ, ಯಾರು ಯಾರಿಗೆ ಏನು ಮಾಡಿದರು, ಅದಕ್ಕೆ ಯಾವ ಸದ್ದು ಹಾಕಿದ್ದರು, ಯಾರು ನಕ್ಕರು, ಇಷ್ಟನ್ನು ಹತ್ತು ಸಾಲಿನಲ್ಲಿ ಬರೆಯಿರಿ; ಮೇಲಿನ ಹಾಳೆ ಇದಕ್ಕೇ ಒದಗುತ್ತದೆ. ಕೇಬಲ್ ಟಿವಿ ನಿಯಮಗಳ ಕಾರ್ಯಕ್ರಮ ಸಂಹಿತೆ, ಅಂದರೆ 6ನೇ ನಿಯಮ, ಹಿಂಸೆಗೆ ಪ್ರಚೋದಿಸುವುದನ್ನೂ ಮಕ್ಕಳನ್ನು ಹೀನಾಯವಾಗಿ ತೋರಿಸುವುದನ್ನೂ ತಡೆಯುತ್ತದೆ. 2021ರ ತಿದ್ದುಪಡಿಯ ಪ್ರಕಾರ ದೂರು ಮೊದಲು ವಾಹಿನಿಗೇ ಹೋಗಬೇಕು. 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ಉತ್ತರ ಕೊಡಬೇಕು. ತೃಪ್ತಿಯಾಗದಿದ್ದರೆ ವಾಹಿನಿ ಸೇರಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ.

ಮಕ್ಕಳು ಪಕ್ಕದಲ್ಲಿದ್ದಾಗ ಟಿವಿ ಆರಿಸಿ ಪಾಠ ಹೇಳಲು ಹೋಗಬೇಡಿ, ಅವರಿಗೆ ಏಟಿಗಿಂತ ನಿಮ್ಮ ಸಿಟ್ಟೇ ನೆನಪಿರುತ್ತದೆ. ಜಾಹೀರಾತು ಬಂದಾಗ ಎರಡೇ ಪ್ರಶ್ನೆ ಕೇಳಿ: ‘ಆ ಮಾಮನಿಗೆ ಎಲ್ಲಿ ಪೆಟ್ಟಾಯ್ತು?’, ‘ಆಮೇಲೆ ಯಾರು ಎತ್ತಿದ್ರು?’ ಟಿವಿ ತೋರಿಸದೆ ಬಿಟ್ಟ ಮುಂದಿನ ದೃಶ್ಯವನ್ನು ಚಿತ್ರ ಬರೆಯಲು ಹೇಳಿ. ಹಾಳೆ ಅಡ್ಡಕ್ಕಿಟ್ಟು ಮಧ್ಯೆ ಒಂದು ಗೆರೆ ಎಳೆದುಕೊಡಿ, ಎಡಗಡೆ ಬಿದ್ದ ಅಡುಗೆಯವನು, ಬಲಗಡೆ ಖಾಲಿ.