ಮೂರನೇ ಸಲಕ್ಕೆ ಕೈ ಹಿಡಿದ ಕೌದಿ

ಹಳಿಯಾಳದ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಚಿತ್ರಕಲಾ ಶಿಕ್ಷಕ. ಎಂಟನೇ ತರಗತಿಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ಏಳೆಂಟು ಜನ, ಹಿಂದಿನ ಬೆಂಚಲ್ಲೇ ಕೂರುತ್ತಿದ್ದರು. ಅವರ ಗುಂಗುರು ಕೂದಲು ಮುಟ್ಟಿ ಓಡುವುದು ಉಳಿದವರಿಗೆ ಆಟ. ಅದನ್ನು ನೋಡಿಕೊಂಡು ಸುಮ್ನೆ ಇರಲು ನನಗೆ ಆಗಲಿಲ್ಲ.

ಎಲ್ಲರೂ ಬೆರೆಯಲಿ ಅಂತ ಮೊದಲ ವರ್ಷ ಎಲ್ಲರಿಂದ ಗೋಡೆ ಚಿತ್ರ ಮಾಡಿಸಿದೆ. ಬಣ್ಣಕ್ಕೆ ನನ್ನ ಜೇಬಿನಿಂದ 3,800 ರೂಪಾಯಿ ಹೋಯಿತು. ಚೆನ್ನಾಗಿ ಬಿಡಿಸುವ ನಾಲ್ವರು ಗೋಡೆ ಹಿಡಿದರು. ಸಿದ್ದಿ ಮಕ್ಕಳ ಕೈಗೆ ಬಂದದ್ದು ನೀರಿನ ಬಕೆಟ್. ಮರುವರ್ಷ ಒಬ್ಬೊಬ್ಬರಿಗೆ ಒಂದೊಂದು ಚೌಕ ಕಾಗದ ಕೊಟ್ಟು ಅಂಟಿಸಿದೆ. ಮಳೆಗಾಲದ ಥಂಡಿಗೆ ಅರ್ಧ ಉದುರಿತು. ಉಳಿದದ್ದರಲ್ಲೂ ಗೆಳೆಯರ ಚೌಕ ಗೆಳೆಯರ ಪಕ್ಕದಲ್ಲೇ. "ಸಿಲಬಸ್ ಮುಗಿಸಿ ಸರ್, ಸಾಕು" ಅಂದರು ಜೊತೆಯ ಶಿಕ್ಷಕರು.

ಮೂರನೇ ಸಲ ಕೌದಿಗೆ ಕೈ ಹಾಕಿದೆ. ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿ, ಅವರ ಮಾತಲ್ಲಿ ಕವಂದಿ, ಗೊತ್ತಲ್ವಾ? ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಕ್ಕೆ ಬರುತ್ತಾರೆ. ನನಗೆ ಬೇಕಿದ್ದದ್ದು ಅದೇ. ಮಕ್ಕಳು ಎದುರುಬದುರು ಕೂರಲೇಬೇಕು. ಹೊಲಿಗೆ ಒಳಕ್ಕೆ ಬಂದಂತೆ ತಲೆಗೆ ತಲೆ ತಾಗುತ್ತದೆ. ಮನೆಯಿಂದ ಹಳೇ ಬಟ್ಟೆ ತರಬೇಕು, ಆದರೆ ಹೊಲಿಯುವುದು ಜೋಡಿಯವರ ಬಟ್ಟೆಯನ್ನು, ಅದರ ಕತೆ ಕೇಳಿಕೊಂಡು. ಜೋಡಿಗೆ ಚೀಟಿ ಎತ್ತಿಸಿದೆ. ಆ ಚೀಟಿ ಹೇಗೆ ಮಡಚಿದ್ದೆ ಅನ್ನುವುದನ್ನು ಮಾತ್ರ ಹೇಳಲ್ಲ.

ಎಲ್ಲರಿಗಿಂತ ಜಾಸ್ತಿ ಕಿಚಾಯಿಸುತ್ತಿದ್ದ ಹುಡುಗನಿಗೆ ಸಿದ್ದಿ ಹುಡುಗಿಯೊಬ್ಬಳ ತೀರಿಕೊಂಡ ಅಜ್ಜನ ಲುಂಗಿ ಬಂತು. ಅವನಿಗೆ ಸೂಜಿ ಹಿಡಿಯಲೂ ಬಾರದು. ಅವಳೇ ಕಲಿಸಿದಳು. "ಅಜ್ಜಂದು ಇದು, ಸೊಟ್ಟ ಹೋಗಬಾರದು" ಅಂತ ಮೂರು ಸಲ ಬಿಚ್ಚಿಸಿದಳು. ನಾಲ್ಕನೇ ಸಲ ಅವನೇ ನೋಡಿ, ಅವನೇ ಬಿಚ್ಚಿದ. ಕೂದಲು ಮುಟ್ಟುವ ಆಟವನ್ನು ದೀಪಾವಳಿ ಆದ ಮೇಲೆ ನನ್ನ ತರಗತಿಯಲ್ಲಿ ನಾನು ನೋಡಿಲ್ಲ. ಶಿಕ್ಷೆ ಕೊಟ್ಟು ಎರಡು ವರ್ಷದಲ್ಲಿ ಆಗದ್ದು ಇದು.

ನಡುವೆ ಸಾಗವಾನಿಯ ಚಿಗುರೆಲೆ ಅರೆದು ಬಟ್ಟೆಗೆ ಬಣ್ಣ ಹಾಕಿಸಿದೆ. ಕೈಯಲ್ಲಿ ಕೆಂಪು ಚೆನ್ನಾಗಿ ಬಂತು, ಬಟ್ಟೆಯಲ್ಲಿ ಎರಡು ಒಗೆತಕ್ಕೆ ಕಂದು ಆಯಿತು. ಇನ್ನೊಮ್ಮೆ ನೋಡಬೇಕು.

ದಪ್ಪ ನೂಲು, ಸೂಜಿ ಎಲ್ಲ ಸೇರಿ ಖರ್ಚು 600 ರೂಪಾಯಿ ಆಸುಪಾಸು. ಸಣ್ಣ ಕಣ್ಣಿನ ಸೂಜಿ ತರಬೇಡಿ, ನಮ್ಮಲ್ಲಿ ಮೂವತ್ತಕ್ಕೂ ಜಾಸ್ತಿ ಮುರಿದವು. ಹನ್ನೊಂದು ಶನಿವಾರ ಹಿಡಿಯಿತು.

ಕೊನೆಯ ಶನಿವಾರ ಆ ಹುಡುಗಿಯ ಅಜ್ಜಿ ಬಂದರು. ಮೂಲೆ ನೋಡಿ, "ಫುಲ ಇಲ್ವಲ್ಲ, ಕವಂದಿ ಬತ್ತಲೆ ಇದೆ" ಅಂದರು. ಮೂಲೆಗೆ ಮಡಚಿ ಹೊಲಿಯುವ ತ್ರಿಕೋನದ ಹೂವು ಅದು. ಮೂರನ್ನು ತಾವೇ ಹೊಲಿದರು. ಉಳಿದ ಮೂಲೆಗೆ ಲುಂಗಿಯ ತುಂಡು ಮಡಚಿ ಆ ಹುಡುಗನ ಕೈಗೆ ಕೊಟ್ಟರು.