‘ಔಷಧಿ ನಂಗೆ ಒಗ್ಗಿ ಹೋಗಿದೆ’ ಎನ್ನುವವರು ಮೈ ಲೆಕ್ಕ ನೋಡಿಕೊಳ್ಳುವುದು ಹೇಗೆ?

ನಮ್ಮ ಸೊರಬದ ಕಡೆ ಕೂಲಿಗೆ ಔಷಧಿ ಹೊಡೆಯುವವರು ಒಬ್ಬರಿದ್ದಾರೆ. ಶುಂಠಿ ಇರಲಿ, ಭತ್ತ ಇರಲಿ, ಲುಂಗಿ ಎತ್ತಿ ಕಟ್ಟಿ ತಲೆಗೊಂದು ಟವೆಲ್ ಸುತ್ತಿ ಬೆನ್ನಿಗೆ ಪಂಪು ಏರಿಸಿದರೆ ಮಧ್ಯಾಹ್ನದ ತನಕ ಇಳಿಸುವವರಲ್ಲ. ಮಾಸ್ಕ್ ಕೊಟ್ಟರೆ ನಗುತ್ತಾರೆ. ‘ಹಂಗಾಮಿನ ಮೊದಲ ವಾರ ತಲೆನೋವು, ವಾಕರಿಕೆ ಎಲ್ಲ ಬರ್ತದೆ ಮಾರಾಯ್ರೆ. ಆಮೇಲೆ ಏನೂ ಆಗಲ್ಲ. ಮೈಗೆ ಒಗ್ಗಿ ಹೋಗ್ತದೆ.’

ಅವರು ಸುಳ್ಳು ಹೇಳುತ್ತಿಲ್ಲ. ಮೈ ನಿಜಕ್ಕೂ ಒಗ್ಗುತ್ತದೆ. ಯಾವುದಕ್ಕೆ ಒಗ್ಗುತ್ತದೆ ಅನ್ನೋದೇ ತಕರಾರು.

ಮೊದಲು ಬಾಟಲಿ ಓದಿ

ಎಲ್ಲ ಔಷಧಿಗೂ ಒಂದೇ ಲೆಕ್ಕ ನಡೆಯುವುದಿಲ್ಲ. ನಾನಿಲ್ಲಿ ಹೇಳುತ್ತಿರುವುದು ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳ ಬಗ್ಗೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್ ಹೀಗೆ ‘ಫಾಸ್’ ಎಂದು ಮುಗಿಯುವ ಹೆಸರುಗಳು ಸಾಮಾನ್ಯವಾಗಿ ಇದೇ ಗುಂಪಿನವು. ಮ್ಯಾಲಾಥಿಯಾನ್, ಅಸಿಫೇಟ್ ಕೂಡ ಇದರಲ್ಲೇ ಬರುತ್ತವೆ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಈ ಗುಂಪಿಗೆ ಸೇರುವುದಿಲ್ಲ, ಅದು ಮೈಲುತುತ್ತ ಮತ್ತು ಸುಣ್ಣ. ಸೈಪರ್‌ಮೆಥ್ರಿನ್, ಇಮಿಡಾಕ್ಲೋಪ್ರಿಡ್ ಕೂಡ ಬೇರೆ ಜಾತಿ. ಆದರೆ ಕ್ಲೋರ್‌ಪೈರಿಫಾಸ್ ಮತ್ತು ಸೈಪರ್‌ಮೆಥ್ರಿನ್ ಎರಡೂ ಒಂದೇ ಬಾಟಲಿಯಲ್ಲಿ ಬೆರೆಸಿ ಮಾರುತ್ತಾರೆ. ಹಾಗಾಗಿ ದೊಡ್ಡಕ್ಷರದ ಅಂದದ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರ ನೋಡಿ. ತ್ರಿಕೋನದ ಬಣ್ಣವನ್ನೂ ನೋಡಿ. ಕೆಂಪು ಎಲ್ಲಕ್ಕಿಂತ ಜೋರು, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು.

ಮೈಯೊಳಗೆ ಏನಾಗುತ್ತದೆ

ನರವು ಸ್ನಾಯುವಿಗೋ ಗ್ರಂಥಿಗೋ ಸಂದೇಶ ಕೊಡುವಾಗ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತದೆ. ಕೆಲಸ ಮುಗಿದ ಕೂಡಲೇ ಅದನ್ನು ಕತ್ತರಿಸಿ ತೆಗೆಯಲು ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಇದೆ. ಔಷಧಿ ಹೋಗಿ ಈ ಕಿಣ್ವಕ್ಕೇ ಅಂಟಿಕೊಳ್ಳುತ್ತದೆ. ತೋಟದ ಬಸಿಗಾಲುವೆಗೆ ಸೋಗೆ ಸಿಕ್ಕಿಕೊಂಡರೆ ಹೇಗೆ ನೀರು ಏರುತ್ತದೋ ಹಾಗೆ ಅಸಿಟೈಲ್‌ಕೋಲಿನ್ ತುಂಬಿಕೊಳ್ಳುತ್ತದೆ. ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು, ಎದೆ ಬಿಗಿತ, ಮಾಂಸಖಂಡ ಅದುರುವುದು ಎಲ್ಲ ಅದರಿಂದಲೇ.

ಇದು ದಿನವೂ ಸ್ವಲ್ಪ ಸ್ವಲ್ಪ ನಡೆದರೆ ಮೈ ಒಂದು ಉಪಾಯ ಮಾಡುತ್ತದೆ. ಆ ಸಂದೇಶವನ್ನು ಹಿಡಿಯುವ ಗ್ರಾಹಿಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಒಂದೇ ಸಮ ಕೂಗುವವರ ಎದುರು ಕಿವಿ ಮುಚ್ಚಿಕೊಂಡ ಹಾಗೆ. ಇಲಿಗಳಿಗೆ ದಿನವೂ ಸಣ್ಣ ಪ್ರಮಾಣ ಕೊಟ್ಟು ನೋಡಿದ್ದಾರೆ. ಮೊದಲು ನಡುಗಿ, ಮೇವು ಬಿಟ್ಟ ಇಲಿಗಳು ಕೆಲವು ದಿನದಲ್ಲಿ ಸಲೀಸಾಗಿ ಓಡಾಡುತ್ತವೆ, ಆದರೆ ಮಿದುಳಿನಲ್ಲಿ ಕಿಣ್ವ ಮಾತ್ರ ತಳದಲ್ಲೇ ಇರುತ್ತದೆ. ಅಂದರೆ ಕಾಲುವೆ ಕಟ್ಟಿಕೊಂಡೇ ಇದೆ, ತಲೆನೋವು ಮಾತ್ರ ಹೋಗಿದೆ. ಇಂಥವರಿಗೆ ಒಂದು ದಿನ ಪಂಪಿನ ಮುಚ್ಚಳ ಸೋರಿ ಬೆನ್ನು ನೆನೆದರೆ ತಡೆದುಕೊಳ್ಳಲು ದಾಸ್ತಾನೇ ಇರುವುದಿಲ್ಲ.

ಭತ್ತದ ಜಿಗಿಹುಳು ಒಗ್ಗುತ್ತದಲ್ವಾ, ನಾವೇಕೆ ಒಗ್ಗಬಾರದು ಎಂದು ಕೇಳುವವರಿದ್ದಾರೆ. ಹುಳು ಒಗ್ಗುವುದು ಹೇಗೆಂದರೆ, ಬಹುಪಾಲು ಸತ್ತು, ಉಳಿದ ನಾಲ್ಕು ಮರಿ ಹಾಕಿ. ನಮಗೆ ಆ ವ್ಯವಹಾರ ಬೇಡ.

ಮ್ಯಾಲಾಥಿಯಾನ್ ಸಾದಾ ಅಲ್ವಾ?

ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾಗಿದ್ದು ನಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗ ಸತ್ತ ಜಾಗದ ಸುತ್ತ ಉಣುಗು ಸಾಯಲೆಂದು ಮ್ಯಾಲಾಥಿಯಾನ್ ಪುಡಿ ಎರಚುವುದನ್ನು ನೋಡಿದವರಿಗೆ ಅದರ ಬಗ್ಗೆ ಹೆದರಿಕೆ ಕಡಿಮೆ. ಅದಕ್ಕೆ ಕಾರಣವೂ ಇದೆ. ನಮ್ಮ ಪಿತ್ತಜನಕಾಂಗದಲ್ಲಿ ಕಾರ್ಬಾಕ್ಸಿಲ್‌ಎಸ್ಟರೇಸ್ ಎಂಬ ಇನ್ನೊಂದು ಕಿಣ್ವ ಮ್ಯಾಲಾಥಿಯಾನನ್ನು ಬೇಗ ಒಡೆದುಹಾಕುತ್ತದೆ. ಕೀಟಗಳಲ್ಲಿ ಆ ಶಕ್ತಿ ಕಡಿಮೆ.

ಆದರೆ ಈ ಕಾವಲುಗಾರನನ್ನೂ ಕೈಕಟ್ಟಿ ಕೂರಿಸಬಹುದು. 1976ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾ ತಡೆಯಲು ಮ್ಯಾಲಾಥಿಯಾನ್ ಸಿಂಪಡಿಸುತ್ತಿದ್ದ ಸುಮಾರು 7,500 ಕೆಲಸಗಾರರಲ್ಲಿ 2,800 ಮಂದಿಗೆ ವಿಷವೇರಿತು, 5 ಜನ ಸತ್ತರು. ದಾಸ್ತಾನಿನಲ್ಲಿ ಐಸೊಮ್ಯಾಲಾಥಿಯಾನ್ ಎಂಬ ಕಲ್ಮಶ ಹೆಚ್ಚಾಗಿತ್ತು, ಅದು ಈ ಒಡೆಯುವ ಕಿಣ್ವವನ್ನೇ ಕಟ್ಟಿಹಾಕಿತ್ತು. ಬಿಸಿಯಲ್ಲಿ ಬಹಳ ದಿನ ಇಟ್ಟರೆ ಈ ಕಲ್ಮಶ ಬೆಳೆಯುತ್ತದೆ. ಕೊಟ್ಟಿಗೆ ಅಟ್ಟದ ಹಳೆ ಡಬ್ಬ ‘ವೇಸ್ಟ್ ಆಗ್ತದಲ್ಲ’ ಎಂದು ಬಳಸಬೇಡಿ. ಈ ಗುಂಪಿನ ಎರಡು ಔಷಧಿಗಳನ್ನು ನಿಮ್ಮಷ್ಟಕ್ಕೆ ಒಂದೇ ಕ್ಯಾನಿನಲ್ಲಿ ಬೆರೆಸಲೂ ಬೇಡಿ. ಒಂದು ಇನ್ನೊಂದರ ದಾರಿ ಸುಗಮ ಮಾಡಿಕೊಡಬಹುದು.

ಹಂಗಾಮಿಗೆ ಮೊದಲು ರಕ್ತ ಕೊಡಿ

ತಲೆನೋವನ್ನು ನಂಬುವಂತಿಲ್ಲ ಎಂದಾದ ಮೇಲೆ ಉಳಿದಿರುವುದು ರಕ್ತ. ಕೋಲಿನ್‌ಎಸ್ಟರೇಸ್ ಪರೀಕ್ಷೆ ಎಂದು ಕೇಳಿ. ಎರಡು ಬಗೆ ಇದೆ, ಪ್ಲಾಸ್ಮಾದ್ದು ಮತ್ತು ಕೆಂಪು ರಕ್ತಕಣದ್ದು. ನರದ ಸ್ಥಿತಿಗೆ ಹತ್ತಿರವಾದದ್ದು ಎರಡನೆಯದು. ಲ್ಯಾಬಿನವರು ಎರಡರಲ್ಲಿ ಯಾವುದಾದರೂ ಒಂದನ್ನೇ ಮಾಡುತ್ತೇವೆ ಎಂದರೆ ಆ ಒಂದನ್ನಾದರೂ ಮಾಡಿಸಿ, ಏನೂ ಇಲ್ಲದ್ದಕ್ಕಿಂತ ವಾಸಿ.

ಯಾವಾಗ? ಕನಿಷ್ಠ 30 ದಿನ ಈ ಗುಂಪಿನ ಔಷಧಿ ಮುಟ್ಟದೆ ಇದ್ದಾಗ. ನಮ್ಮ ಕಡೆಯ ಲೆಕ್ಕದಲ್ಲಿ ಬೀಜದ ಶುಂಠಿಯನ್ನು ಔಷಧಿ ನೀರಿಗೆ ಅದ್ದುವುದಕ್ಕೂ ಮೊದಲು. ಅದ್ದುವ ಕೆಲಸ ಮಾಡುವ ಹೆಂಗಸರಿಗೂ ಮಾಡಿಸಿ. ಬರಿಗೈ ಹಾಕುವವರು ಅವರು, ಪಂಪು ಹೊತ್ತಿಲ್ಲವೆಂದು ಅವರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ಮೊದಲ ಚೀಟಿಯೇ ನಿಮ್ಮ ಅಳತೆಗೋಲು, ಜೋಪಾನ ಮಾಡಿ. ಒಬ್ಬರಿಂದ ಒಬ್ಬರಿಗೆ ಈ ಸಂಖ್ಯೆ ತುಂಬಾ ವ್ಯತ್ಯಾಸ ಆಗುತ್ತದೆ. ನಿಮ್ಮ ಮೂಲ ಸಂಖ್ಯೆ 10,000 ಇದ್ದು, ಹಂಗಾಮಿನ ನಡುವೆ 6,000ಕ್ಕೆ ಇಳಿದರೂ ಲ್ಯಾಬ್ ಚೀಟಿ ‘ನಾರ್ಮಲ್’ ಎಂದೇ ತೋರಿಸಬಹುದು. ನಿಮ್ಮ ಪಾಲಿಗೆ ಮಾತ್ರ 40 ಶೇಕಡಾ ಹೋಗಿಯಾಗಿದೆ. ಎರಡನೇ ಸಲವೂ ಅದೇ ಲ್ಯಾಬಿಗೆ ಹೋಗಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ನಿಯಮವಿದೆ. ನಾವೂ ಅದನ್ನೇ ಹಿಡಿಯಬಹುದು. ಮೂಲಕ್ಕಿಂತ 20 ಶೇಕಡಾ ಇಳಿದರೆ ಎಲ್ಲಿ ಸೋರುತ್ತಿದೆ, ಏನು ತಪ್ಪಾಗುತ್ತಿದೆ ಎಂದು ಹುಡುಕಬೇಕು. ಕೆಂಪುಕಣದ್ದು ಮೂಲದ 70 ಶೇಕಡಾಕ್ಕೆ ಅಥವಾ ಪ್ಲಾಸ್ಮಾದ್ದು 60 ಶೇಕಡಾಕ್ಕೆ ಇಳಿದರೆ ಪಂಪು ಇಳಿಸಬೇಕು. ಮತ್ತೆ ಮೂಲದ 80 ಶೇಕಡಾಕ್ಕೆ ಏರುವ ತನಕ ಮುಟ್ಟುವಂತಿಲ್ಲ. ಏರುವುದು ಬಹಳ ನಿಧಾನ. ಕೆಂಪುಕಣದ ಕಿಣ್ವ ದಿನಕ್ಕೆ ಹತ್ತಿರ ಹತ್ತಿರ 1 ಶೇಕಡಾ ಅಷ್ಟೆ, ಏಕೆಂದರೆ ಹೊಸ ಕಣವೇ ಹುಟ್ಟಿ ಬರಬೇಕು. ಭಾನುವಾರ ಒಂದು ದಿನ ರಜೆ ಹಾಕಿದರೆ ಸರಿಹೋಗುತ್ತದೆ ಅನ್ನುವುದೆಲ್ಲ ಸುಮ್ನೆ.

ಹೊಡೆಯುವ ದಿನ

ವಿಷ ಜಾಸ್ತಿ ಹೋಗುವುದು ಚರ್ಮದಿಂದ. ಅದರಲ್ಲೂ ತೊಡೆಸಂದಿಯ ವೃಷಣಚೀಲದ ಚರ್ಮ ಮುಂಗೈಗಿಂತ ಹತ್ತು ಪಟ್ಟಿಗೂ ಹೆಚ್ಚು ಹೀರುತ್ತದೆ. ನೆನೆದ ಲುಂಗಿ ಎಷ್ಟು ಕೆಟ್ಟದ್ದು ಎಂದು ಇದರಲ್ಲೇ ಗೊತ್ತಾಗುತ್ತದೆ. ಪ್ಯಾಂಟು, ಉದ್ದ ತೋಳಿನ ಅಂಗಿ, ರಬ್ಬರ್ ಕೈಗವಸು, ಬೂಟು ಹಾಕಿ. ಪಂಪಿನ ವಾಷರ್ ಹಿಂದಿನ ದಿನವೇ ಬದಲಾಯಿಸಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಕೈ ತೊಳೆಯದೆ ಕವಳ ಹಾಕಬೇಡಿ, ಬೀಡಿ ಹಚ್ಚಬೇಡಿ. ಮನೆಗೆ ಬಂದವರೇ ಹಂಡೆಯ ಸುಡುನೀರು ಹೊಯ್ದುಕೊಳ್ಳದೆ ಮೊದಲು ತಣ್ಣೀರು, ಸೋಪು. ಆ ಬಟ್ಟೆ ಮಕ್ಕಳ ಬಟ್ಟೆಯ ಜೊತೆ ಹಾಕಬೇಡಿ.

ಜೊಲ್ಲು, ಅದುರು, ಉಸಿರು ಕಟ್ಟುವುದು ಕಂಡರೆ ಬಟ್ಟೆ ಬಿಚ್ಚಿ ಮೈ ತೊಳೆದು 108ಕ್ಕೆ ಫೋನ್ ಮಾಡಿ. ಮಜ್ಜಿಗೆ, ಹಾಲು, ಬೆಲ್ಲದ ನೀರಿನಿಂದ ಇದು ಇಳಿಯುವುದಿಲ್ಲ. ವಾಂತಿ ಮಾಡಿಸಲೂ ಹೋಗಬೇಡಿ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಇಂಜೆಕ್ಷನ್ ಕೊಡುತ್ತಾರೆ. ಔಷಧಿ ಬಾಟಲಿಯನ್ನು ಚೀಲಕ್ಕೆ ಹಾಕಿ ಜೊತೆಗೇ ಒಯ್ಯಿರಿ, ಯಾವ ಗುಂಪು ಎಂದು ಡಾಕ್ಟರಿಗೆ ಗೊತ್ತಾಗಬೇಕು.

ನಮ್ಮ ಪಂಪಿನವರನ್ನು ಈ ಸಲ ಗದರಿಸಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮೊದಲ ರಕ್ತ ಕೊಡಿಸಿದೆ. ‘ಇಷ್ಟಕ್ಕೆ ಒಂದು ದಿನದ ಕೂಲಿ ಹೋಯ್ತಲ್ಲ’ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು. ಚೀಟಿ ಮಾತ್ರ ಮಡಚಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಾರೆ. ಎರಡನೇ ಸಲ ಹೋಗುವುದು ಗದ್ದೆಗೆ ಮೂರನೇ ಔಷಧಿ ಬಿದ್ದ ಮೇಲೆ.