ಇಂಚಿನ ಲೀಡ್ ಸ್ಕ್ರೂ ಮೇಲೆ ಎಂ16 ಥ್ರೆಡ್: ನಾನು ಲೇತ್ ಸೆಟ್ ಮಾಡುವ ಬಗೆ

ನಮ್ಮ ಲೇತಿನ ಲೀಡ್ ಸ್ಕ್ರೂ (ಟೂಲನ್ನು ಉದ್ದಕ್ಕೆ ಸರಿಸುವ ಸ್ಕ್ರೂ) ಇಂಚಿಗೆ 4 ಥ್ರೆಡ್ಡಿನದು. ಹಾಕಬೇಕಾದದ್ದು ಎಂ16, ಅಂದರೆ 16 ಮಿ.ಮೀ. ವ್ಯಾಸದ ಥ್ರೆಡ್, ಪಿಚ್ (ಒಂದು ದಿಬ್ಬದಿಂದ ಮುಂದಿನದಕ್ಕೆ ಇರುವ ದೂರ) 2 ಮಿ.ಮೀ. ಲೆಕ್ಕ ಹೀಗೆ: ಐದು ಇಂಚು ಅಂದರೆ 127 ಮಿ.ಮೀ., ಹಾಗಾಗಿ 5 × 2 (ಪಿಚ್) × 4 (ಇಂಚಿನ ಥ್ರೆಡ್) ಅಂದರೆ 40, ಅದರ ಕೆಳಗೆ 127. ಸ್ಟಡ್ (ಚಕ್ಕಿನ ಕಡೆಯಿಂದ ತಿರುಗುವ ಶಾಫ್ಟ್) ಮೇಲೆ 40 ಹಲ್ಲಿನ ಗೇರ್, ಲೀಡ್ ಸ್ಕ್ರೂಗೆ 127, ನಡುವೆ ಎರಡನ್ನೂ ಜೋಡಿಸುವ ಗೇರ್, ಅಂದರೆ ಐಡ್ಲರ್, ಯಾವುದಾದರೂ ಸರಿ. 127 ಇಲ್ಲವೆಂದು 20/63 ಹಾಕಿದರೆ ಗಿಡ್ಡ ಥ್ರೆಡ್ ಹೇಗೋ ನಡೆದೀತು, 50 ಮಿ.ಮೀ. ಉದ್ದಕ್ಕೆ 0.4 ಮಿ.ಮೀ. ತಪ್ಪು ಕೂಡಿ ಉದ್ದನೆಯ ನಟ್ ನಡುವೆಯೇ ಕಚ್ಚಿಕೊಳ್ಳುತ್ತದೆ.

ಮೇನ್ ಆಫ್ ಮಾಡಿಯೇ ಗೇರಿಗೆ ಕೈ ಹಾಕುವುದು. ಹಲ್ಲುಗಳ ನಡುವೆ ನ್ಯೂಸ್‌ಪೇಪರಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿದು, ಆಮೇಲೆ ಕಾಗದ ತೆಗೆಯುತ್ತೇನೆ. ಅಷ್ಟು ಸಡಿಲ ಸಾಕು. ಹಾಫ್ ನಟ್ (ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಹಿಡಿಸುವ ಸೀಳು ನಟ್) ಹಾಕಿ, ಬ್ಯಾಕ್‌ಲ್ಯಾಶ್ (ಗೇರು, ಸ್ಕ್ರೂಗಳ ನಡುವಿನ ಸಡಿಲ) ಹೋಗುವಷ್ಟು ಚಕ್ ತಿರುಗಿಸಿ, ಅಲ್ಲಿಂದ ಕೈಯಲ್ಲೇ ಹತ್ತು ಸುತ್ತು: ಕ್ಯಾರೇಜ್ (ಟೂಲ್ ಹೊತ್ತು ಬೆಡ್ ಮೇಲೆ ಸರಿಯುವ ಭಾಗ) 20 ಮಿ.ಮೀ. ಸರಿಯಲೇಬೇಕು.

ಜಾಬ್ (ಥ್ರೆಡ್ ಹಾಕುವ ಕಂಬಿ) 15.85 ಮಿ.ಮೀ. ವ್ಯಾಸಕ್ಕೆ ಟರ್ನ್ ಮಾಡಿ, ತುದಿಗೆ ಚೇಂಫರ್ (ಓರೆ ಅಂಚು). ಥ್ರೆಡ್ ಮುಗಿಯುವಲ್ಲಿ 5 ಮಿ.ಮೀ. ಅಗಲ, 13 ಮಿ.ಮೀ. ವ್ಯಾಸದ ಗ್ರೂವ್.

60 ಡಿಗ್ರಿ ಟೂಲಿನ ಎಡ ಪಕ್ಕಕ್ಕೆ ಎರಡೂವರೆ ಡಿಗ್ರಿ ಹೆಚ್ಚು ಕ್ಲಿಯರೆನ್ಸ್ ಕೊಟ್ಟು ಗ್ರೈಂಡ್ ಮಾಡಬೇಕು, ಇಲ್ಲದಿದ್ದರೆ ಹೆಲಿಕ್ಸಿಗೆ (ಥ್ರೆಡ್ಡಿನ ಓರೆಗೆ) ಉಜ್ಜುತ್ತದೆ. ತುದಿ ಸೆಂಟರ್ ಎತ್ತರಕ್ಕೇ ಇರಲಿ. ಸೆಂಟರ್ ಗೇಜನ್ನು (60 ಡಿಗ್ರಿ ಕಚ್ಚಿರುವ ತಗಡು) ಜಾಬಿಗೆ ಒತ್ತಿ, ಕೆಳಗೆ ಬಿಳಿ ಕಾಗದ ಹಿಡಿದು ನೋಡಿ: ಟೂಲಿನ ಎರಡೂ ಪಕ್ಕ ಬೆಳಕಿನ ಗೆರೆ ಒಂದೇ ದಪ್ಪ ಕಾಣಬೇಕು. ಒಂದು ಪಕ್ಕ ದಪ್ಪವಾದರೆ ಥ್ರೆಡ್ ವಾಲುತ್ತದೆ.

ಕಾಂಪೌಂಡನ್ನು (ಟೂಲ್ ಕೂತಿರುವ ಮೇಲಿನ ಚಿಕ್ಕ ಸ್ಲೈಡ್) ಕ್ರಾಸ್ ಸ್ಲೈಡಿನ (ಬೆಡ್ಡಿಗೆ ಅಡ್ಡ ಹೋಗುವ ಸ್ಲೈಡ್) ದಿಕ್ಕಿನಿಂದ 29.5 ಡಿಗ್ರಿ ತಿರುಗಿಸುತ್ತೇನೆ. ಇಲ್ಲಿ ಎಡವುವುದು ಸುಲಭ. ಕೆಲವು ಲೇತುಗಳಲ್ಲಿ ಸೊನ್ನೆ ಇರುವುದು ಬೆಡ್ಡಿನ ದಿಕ್ಕಿಗೆ, ಅಲ್ಲಿ 60.5 ಓದಬೇಕು. 29.5 ಓದಿ ಬಿಗಿದರೆ ಟೂಲ್ ಆಳಕ್ಕಿಂತ ಹೆಚ್ಚು ಪಕ್ಕಕ್ಕೇ ಸರಿದು ಥ್ರೆಡ್ ಅಗಲವಾಗಿ ಹಾಳು. ಎರಡೂ ಡಯಲ್ ಸೊನ್ನೆಗೆ ತಂದು, ಫೀಡ್ ಕಾಂಪೌಂಡಿನಿಂದ ಮಾತ್ರ. ಆಳ 1.227 ಮಿ.ಮೀ., ಓರೆಯಾಗಿ ಹೋಗುವುದರಿಂದ ಕಾಂಪೌಂಡ್ ಡಯಲಿನಲ್ಲಿ 1.41.

ಬ್ಯಾಕ್ ಗೇರ್ (ವೇಗ ತಗ್ಗಿಸುವ ಗೇರ್) ಹಾಕಿ 50 ಆರ್‌ಪಿಎಂ, ಬ್ರಷ್‌ನಲ್ಲಿ ಕಟಿಂಗ್ ಆಯಿಲ್. ಮೊದಲು ಬರೀ ಗೀರು ಎಳೆದು ಪಿಚ್ ಗೇಜ್ ಹಿಡಿಯುತ್ತೇನೆ. ಆಮೇಲೆ 0.2, 0.2, 0.15 ಹೀಗೆ ಇಳಿಸುತ್ತ ಕೊನೆಗೆ 0.05, ಫೀಡ್ ಕೊಡದೆ ಇನ್ನೆರಡು ಪಾಸ್.

ಇಂಚಿನ ಲೀಡ್ ಸ್ಕ್ರೂ ಮೇಲೆ ಮಿ.ಮೀ. ಥ್ರೆಡ್ ಹಾಕುವಾಗ ಹಾಫ್ ನಟ್ ಬಿಡಲೇಬಾರದು, ಥ್ರೆಡ್ ಡಯಲ್ (ಹಾಫ್ ನಟ್ ಮತ್ತೆ ಯಾವಾಗ ಹಾಕಬೇಕೆಂದು ತೋರಿಸುವುದು) ಇಲ್ಲಿ ಕೆಲಸಕ್ಕೆ ಬಾರದು. ಬಿಟ್ಟು ಹಾಕಿದರೆ ಟೂಲ್ ಹಳೆಯ ಗೀರಿಗೆ ಬೀಳುವುದಿಲ್ಲ, ದಿಬ್ಬವನ್ನೇ ಕಡಿಯುತ್ತದೆ. ಗ್ರೂವಿನಲ್ಲಿ ನಿಲ್ಲಿಸಿ, ಟೂಲ್ ಹೊರಗೆಳೆದು, ರಿವರ್ಸ್. ಚಕ್ ಥ್ರೆಡ್ಡಿನ ಮೇಲೆ ಕೂತಿರುವ ಹಳೆಯ ಲೇತಾದರೆ ಪೂರ್ತಿ ನಿಂತ ಮೇಲೆಯೇ ರಿವರ್ಸ್ ಕೊಡಿ, ಚಕ್ ಬಿಚ್ಚಿಕೊಂಡೀತು. ಜಾಬ್ ದಾಟಿ 10 ಮಿ.ಮೀ. ಹಿಂದಕ್ಕೆ ಬರಬೇಕು, ಬ್ಯಾಕ್‌ಲ್ಯಾಶ್ ಅಲ್ಲೇ ತೀರುತ್ತದೆ.

ಲೆಕ್ಕದ ಆಳ ತಲುಪಿದರೂ ನಟ್ ಹತ್ತದಿದ್ದರೆ ಕೂಡಲೇ ಫೀಡ್ ಕೊಡಬೇಡಿ. ಬಹಳ ಸಲ ತುದಿಯ ಬರ್ (ಕಡಿದಾಗ ಎದ್ದ ಚೂಪು ಅಂಚು) ಅಡ್ಡ ಬಂದಿರುತ್ತದೆ, ನಯವಾದ ಅರದಲ್ಲಿ ಎರಡು ಸಲ ಸವರಿ ನೋಡಿ. ನಟ್ ಸಲೀಸಾಗಿ ಓಡುವವರೆಗೆ ಜಾಬ್ ಚಕ್ಕಿನಲ್ಲೇ ಇರಲಿ.